ಯಹೂದಿ ಗ್ರಂಥವೊಂದು ಹೊಸದಾಗಿ ಹೊರಬರುವ ಬಗೆ

ಜೆರುಸಲೆಮ್‌ನ ಮೆಯಾ ಶೆಆರಿಮ್‌ನಲ್ಲೋ ಬ್ರೂಕ್ಲಿನ್‌ನ ಬರೋ ಪಾರ್ಕ್‌ನಲ್ಲೋ ಇರುವ ಧಾರ್ಮಿಕ ಪುಸ್ತಕದ ಅಂಗಡಿಗೆ ಹೊಸಬರು ಹೊಕ್ಕರೆ, ಯಾವುದು ಹೊಸ ಪುಸ್ತಕ, ಯಾವುದು ನಾನೂರು ವರ್ಷದ ಹಿಂದಿನದ್ದು ಎಂದು ಗುರುತು ಹಿಡಿಯುವುದೇ ಕಷ್ಟ. ಎಲ್ಲಕ್ಕೂ ಕಂದು, ಕಪ್ಪು ಇಲ್ಲವೇ ಕಡುನೀಲಿ ರಟ್ಟು. ಬೆನ್ನಿನ ಮೇಲೆ ಬಂಗಾರದ ಬಣ್ಣದ ಹೀಬ್ರೂ ಅಕ್ಷರ. ಲೇಖಕರ ಭಾವಚಿತ್ರ ಸಾಮಾನ್ಯವಾಗಿ ಇರುವುದಿಲ್ಲ. ಈ ಬಗೆಯ ಗ್ರಂಥಕ್ಕೆ ಸೆಫೆರ್ ಎನ್ನುತ್ತಾರೆ. ಕಾದಂಬರಿ, ಇತಿಹಾಸ, ಆತ್ಮಕಥೆಗಳೂ ಯಹೂದಿ ಪುಸ್ತಕಗಳೇ. ಅವುಗಳ ಲೋಕ ನಮಗೆಲ್ಲ ಪರಿಚಿತ: ಪ್ರಕಾಶಕ, ವಿಮರ್ಶೆ, ಬಹುಮಾನ. ಸೆಫೆರ್‌ನ ಲೋಕ ಬೇರೆ. ಅಲ್ಲಿ ಹೊಸ ಲೇಖಕ ಮೊದಲು ತೋರಿಸಬೇಕಾದದ್ದು ತಾನು ಎಷ್ಟು ಹೊಸಬ ಎಂಬುದನ್ನಲ್ಲ, ಹಿಂದಿನವರ ಮಾತಿಗೆ ತನ್ನ ಮಾತು ಎಲ್ಲಿ ಸೇರುತ್ತದೆ ಎಂಬುದನ್ನು. ಪುಸ್ತಕದ ಮೊದಲ ಹತ್ತಿಪ್ಪತ್ತು ಪುಟಗಳೂ ಒಳಗಿನ ಪುಟವಿನ್ಯಾಸವೂ ಇದೇ ಕೆಲಸಕ್ಕೆಂದು ರೂಪುಗೊಂಡಿವೆ. ಅದನ್ನು ಓದಲು ಬಂದರೆ, ವಿಷಯಕ್ಕೆ ಇಳಿಯುವ ಮೊದಲೇ ಪುಸ್ತಕದ ಯೋಗ್ಯತೆ ಬಹುಮಟ್ಟಿಗೆ ಗೊತ್ತಾಗುತ್ತದೆ.

ಶೀರ್ಷಿಕೆ ಪುಟ

ಹೀಬ್ರೂ ಬಲದಿಂದ ಎಡಕ್ಕೆ ಸಾಗುವ ಬರಹವಾದ್ದರಿಂದ ಪುಸ್ತಕ ತೆರೆಯುವುದು ನಮ್ಮ ಲೆಕ್ಕದ ಹಿಂಬದಿಯಿಂದ. ಗ್ರಂಥದ ಹೆಸರು ವಿಷಯವನ್ನು ಹೇಳುವುದು ಅಪರೂಪ. ಬೈಬಲ್ಲಿನ ಒಂದು ನುಡಿಯನ್ನೋ, ಲೇಖಕರ ಹೆಸರು ಅಡಗಿರುವ ಪದಪುಂಜವನ್ನೋ ಆರಿಸಿಕೊಳ್ಳುತ್ತಾರೆ. ನ್ಯೂಯಾರ್ಕ್‌ನ ಮೋಶೆ ಫೈನ್‌ಸ್ಟೈನ್ ಅವರ ಧರ್ಮಪ್ರಶ್ನೋತ್ತರಗಳ ಸಂಪುಟಗಳು 1959ರಿಂದ ಹೊರಬರತೊಡಗಿದವು. ಅವುಗಳ ಹೆಸರು ‘ಇಗ್ರೋತ್ ಮೋಶೆ’, ಅಂದರೆ ಮೋಶೆಯ ಪತ್ರಗಳು. ಒವಾದ್ಯಾ ಯೋಸೆಫ್ ಅವರ ‘ಯಬೀಯ ಓಮೆರ್’ ಬೈಬಲ್ಲಿನ ಕೀರ್ತನೆಯ ಸಾಲೊಂದರಿಂದ ಬಂದದ್ದು. ಕೆಲವೊಮ್ಮೆ ಪುಸ್ತಕದ ಹೆಸರೇ ಲೇಖಕರಿಗೆ ಅಂಟಿಕೊಳ್ಳುತ್ತದೆ. ಯಿಸ್ರಾಯೆಲ್ ಮೆಯಿರ್ ಕಗಾನ್ (1838–1933) ಚಾಡಿ, ಪರನಿಂದೆಗಳ ನಿಷೇಧದ ಬಗ್ಗೆ ಬರೆದ ‘ಹಫೆತ್ಸ್ ಹಯ್ಯಿಮ್’ 1873ರಲ್ಲಿ ವಿಲ್ನಾದಲ್ಲಿ (ಈಗಿನ ಲಿಥುವೇನಿಯಾದ ವಿಲ್ನಿಯಸ್) ಲೇಖಕರ ಹೆಸರಿಲ್ಲದೆ ಅಚ್ಚಾಯಿತು. ಮುಂದೆ ಜನ ಅವರನ್ನೇ ಹಫೆತ್ಸ್ ಹಯ್ಯಿಮ್ ಎಂದು ಕರೆದರು. ಕಗಾನ್ ಎಂದರೆ ಇವತ್ತಿಗೂ ಅನೇಕರಿಗೆ ತಟ್ಟನೆ ಹೊಳೆಯುವುದಿಲ್ಲ. ಧರ್ಮಗ್ರಂಥದ ಈ ರೂಢಿ ಆಧುನಿಕ ಸಾಹಿತ್ಯಕ್ಕೂ ದಾಟಿದೆ. 1966ರಲ್ಲಿ ನೊಬೆಲ್ ಪಡೆದ ಹೀಬ್ರೂ ಕಥೆಗಾರ ಅಗ್ನೋನ್ ಹುಟ್ಟುಹೆಸರಿನಿಂದ ಚಾಚ್ಕೆಸ್. 1908ರ ತಮ್ಮ ‘ಅಗುನೋತ್’ ಕಥೆಯಿಂದಲೇ ಹೊಸ ಹೆಸರು ಕಟ್ಟಿಕೊಂಡವರು.

ಶೀರ್ಷಿಕೆ ಪುಟದ ಅಡಿಯಲ್ಲಿ ಅಚ್ಚಾದ ವರ್ಷ ಇರುತ್ತದೆ, ಅದೂ ಅಕ್ಷರಗಳಲ್ಲಿ. ಕಟಪಯಾದಿ ಬಲ್ಲವರಿಗೆ ಇದು ತೀರ ಹೊಸದೇನಲ್ಲ, ಆದರೆ ಒಂದು ವ್ಯತ್ಯಾಸವಿದೆ. ಕಟಪಯಾದಿಯಲ್ಲಿ ಪ್ರತಿ ಅಕ್ಷರ ಒಂದೊಂದು ಸ್ಥಾನದ ಅಂಕಿ; ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ನಿಗದಿಯಾದ ಬೆಲೆಯಿದ್ದು, ಎಲ್ಲವನ್ನೂ ಕೂಡಿಸಬೇಕು. ತಾವ್ 400, ಶಿನ್ 300, ಪೇ 80, ಹೇ 5: ಕೂಡಿದರೆ 785. ಇದು ಯಹೂದಿ ಪಂಚಾಂಗದ 5785ನೇ ವರ್ಷ, ಸಾವಿರದ ಅಂಕಿಯನ್ನು ಬಿಟ್ಟು ಬರೆದದ್ದು. ಹೀಗೆ ಸಿಕ್ಕ ಮೂರಂಕಿಗೆ 1240 ಕೂಡಿಸಿದರೆ ಇಸವಿ ಬರುತ್ತದೆ: 785ಕ್ಕೆ 2025, 633ಕ್ಕೆ 1873. ಎಡವಟ್ಟಾಗುವುದು ಎರಡು ಕಡೆ. ಯಹೂದಿ ವರ್ಷ ಶುರುವಾಗುವುದು ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ. ಆದ್ದರಿಂದ ವರ್ಷದ ಮೊದಲ ಮೂರು ತಿಂಗಳಲ್ಲಿ ಅಚ್ಚಾದ ಪುಸ್ತಕಕ್ಕೆ 1239 ಮಾತ್ರ ಕೂಡಿಸಬೇಕು. ಎರಡನೆಯದು ಇನ್ನೂ ತೊಡಕಿನದು. ಹಳೆಯ ಮುದ್ರಕರು ವರ್ಷವನ್ನು ನೇರವಾಗಿ ಬರೆಯದೆ, ಬೈಬಲ್ಲಿನ ಒಂದು ಸಾಲು ಕೊಟ್ಟು ಅದರಲ್ಲಿ ಲೆಕ್ಕಕ್ಕೆ ಬರುವ ಅಕ್ಷರಗಳನ್ನು ಮಾತ್ರ ದಪ್ಪ ಮೊಳೆಯಲ್ಲಿ ಜೋಡಿಸುತ್ತಿದ್ದರು. ಮಸಿ ಹರಡಿಯೋ ಕಾಗದ ಸವೆದೋ ದಪ್ಪ-ಸಣ್ಣ ಬೇರ್ಪಡಿಸಲಾಗದಿದ್ದರೆ ಗ್ರಂಥಾಲಯದ ಸೂಚಿಯಲ್ಲಿ ಪುಸ್ತಕ ಹಲವು ದಶಕ ಹಿಂದೆ ಮುಂದೆ ಸರಿದುಬಿಡುತ್ತದೆ.

ಪುಟಸಂಖ್ಯೆಯೂ ಅಕ್ಷರಗಳಲ್ಲೇ. 14ರವರೆಗೆ ಸಲೀಸು: ಹತ್ತರ ಯೋದ್ ಅಕ್ಷರಕ್ಕೆ ಒಂದು, ಎರಡು, ಮೂರು ಸೇರಿಸುತ್ತ ಹೋಗುವುದು. 15ಕ್ಕೆ ಬಂದಾಗ ಹತ್ತು ಮತ್ತು ಐದು ಸೇರಿದರೆ ಅದು ದೇವರ ನಾಮದ ಭಾಗವಾಗುತ್ತದೆ. ಆದ್ದರಿಂದ ಒಂಬತ್ತು ಮತ್ತು ಆರು ಎಂದು ಬರೆಯುತ್ತಾರೆ. 16ಕ್ಕೆ ಒಂಬತ್ತು ಮತ್ತು ಏಳು. 270ರ ಅಕ್ಷರಗಳು ಕ್ರಮವಾಗಿ ಬಂದರೆ ‘ಕೆಡುಕು’ ಎಂದು ಓದಿಸಿಕೊಳ್ಳುತ್ತವೆ, ಹಾಗಾಗಿ ಅದನ್ನು ತಿರುಗಿಸಿ ಜೋಡಿಸುವುದುಂಟು.

ಒಪ್ಪಿಗೆ ಪತ್ರಗಳು

ಶೀರ್ಷಿಕೆ ಪುಟ ತಿರುಗಿಸಿದರೆ ಹಿರಿಯ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ಪತ್ರಗಳು. ಇವುಗಳಿಗೆ ಹಸ್ಕಾಮಾ ಎನ್ನುತ್ತಾರೆ. ನಮ್ಮ ಮುನ್ನುಡಿ, ಬೆನ್ನುಡಿಗಳಂತೆ ಕಂಡರೂ ಇವು ಹುಟ್ಟಿದ್ದು ಬೇರೆ ಒತ್ತಡಗಳಿಂದ. 1490ರ ಸುಮಾರಿಗೆ ನೇಪಲ್ಸ್‌ನಲ್ಲಿ ಅಚ್ಚಾದ ಯಾಕೋವ್ ಲಾಂಡೌ ಅವರ ಗ್ರಂಥದಲ್ಲೇ ಇಂಥ ಪತ್ರಗಳಿದ್ದವು. ಅದು ಕಡ್ಡಾಯದ ರೂಪ ಪಡೆದ ಹಿನ್ನೆಲೆಯಲ್ಲಿ ಒಂದು ವ್ಯಾಪಾರದ ಜಗಳವಿದೆ.

ವೆನಿಸ್‌ನಲ್ಲಿ ಯಹೂದಿಗಳು ಸ್ವಂತ ಮುದ್ರಣಾಲಯ ಇಟ್ಟುಕೊಳ್ಳುವಂತಿರಲಿಲ್ಲ. ಹೀಬ್ರೂ ಪುಸ್ತಕಗಳನ್ನೂ ಕ್ರೈಸ್ತ ಶ್ರೀಮಂತರ ಅಚ್ಚುಕೂಟಗಳಲ್ಲೇ ಮಾಡಿಸಬೇಕು. ಪದುವಾದ ರಬ್ಬಿ ಮೆಯಿರ್ ಕಾಟ್ಸೆನೆಲೆನ್‌ಬೋಗೆನ್ ಅವರು ಮಧ್ಯಯುಗದ ಪಂಡಿತ ಮೈಮೋನಿಡೀಸನ ಧರ್ಮಶಾಸ್ತ್ರ ಸಂಹಿತೆ ‘ಮಿಶ್ನೆ ತೋರಾ’ವನ್ನು ತಮ್ಮ ಟಿಪ್ಪಣಿಗಳ ಸಮೇತ 1550ರಲ್ಲಿ ಬ್ರಾಗಾದಿನ್ ಅವರಲ್ಲಿ ಅಚ್ಚು ಹಾಕಿಸಿದರು. ಪ್ರತಿಸ್ಪರ್ಧಿ ಜುಸ್ತಿನಿಯಾನಿ ಅದೇ ಗ್ರಂಥವನ್ನು ತನ್ನಲ್ಲೂ ಅಚ್ಚು ಹಾಕಿ ಪೈಪೋಟಿಗೆ ಇಳಿದ. ದಿಕ್ಕು ತೋಚದ ರಬ್ಬಿ ಪೋಲೆಂಡಿನ ಕ್ರಾಕೋವ್‌ನಲ್ಲಿದ್ದ ಮೋಶೆ ಇಸ್ಸೆರ್ಲೆಸ್ ಅವರ ಮೊರೆಹೊಕ್ಕರು. ಮೊದಲ ಆವೃತ್ತಿಯ ಪ್ರತಿಗಳು ಮಾರಾಟವಾಗಿ ಮುಗಿಯುವತನಕ ಜುಸ್ತಿನಿಯಾನಿಯ ಪ್ರತಿಯನ್ನು ಯಾರೂ ಕೊಳ್ಳಕೂಡದು, ಕೊಂಡವರಿಗೆ ಬಹಿಷ್ಕಾರ ಎಂದು ಇಸ್ಸೆರ್ಲೆಸ್ ತೀರ್ಪಿತ್ತರು. ಮುದ್ರಕ ಕ್ರೈಸ್ತ, ಅವನ ಮೇಲೆ ರಬ್ಬಿಗೆ ಅಧಿಕಾರವಿಲ್ಲ. ಆದರೆ ಕೊಳ್ಳುವವರೆಲ್ಲ ಯಹೂದಿಗಳು. ಪೆಟ್ಟು ಕೊಟ್ಟದ್ದು ಅಲ್ಲಿಗೆ. ಕೃತಿಸ್ವಾಮ್ಯದ ಇತಿಹಾಸ ಬರೆಯುವವರು ಈ ತೀರ್ಪನ್ನು ಇವತ್ತಿಗೂ ಎತ್ತಿಕೊಳ್ಳುತ್ತಾರೆ.

ಜಗಳ ಅಲ್ಲಿಗೆ ನಿಲ್ಲಲಿಲ್ಲ. ಎರಡೂ ಕಡೆಯವರು ಎದುರಾಳಿಯ ಪುಸ್ತಕಗಳಲ್ಲಿ ಕ್ರೈಸ್ತಧರ್ಮದ ನಿಂದೆ ಇದೆಯೆಂದು ರೋಮ್‌ಗೆ ದೂರು ಒಯ್ದರು. ವಿಚಾರಣೆ ಯಹೂದಿ ಧರ್ಮಶಾಸ್ತ್ರ ಚರ್ಚೆಗಳ ಮೂಲಗ್ರಂಥವಾದ ತಾಲ್ಮುದ್‌ನತ್ತಲೇ ತಿರುಗಿತು. 1553ರ ಸೆಪ್ಟೆಂಬರ್ 9ರಂದು, ಯಹೂದಿ ಹೊಸವರ್ಷದ ದಿನ, ರೋಮ್‌ನ ಕಾಂಪೋ ದೆ ಫಿಯೋರಿ ಚೌಕದಲ್ಲಿ ತಾಲ್ಮುದ್ ಪ್ರತಿಗಳನ್ನು ರಾಶಿ ಹಾಕಿ ಸುಟ್ಟರು. ಮರುತಿಂಗಳು ವೆನಿಸ್‌ನಲ್ಲೂ ಬೆಂಕಿ ಬಿತ್ತು. ಇದರಿಂದ ಎಚ್ಚೆತ್ತ ಇಟಲಿಯ ರಬ್ಬಿಗಳು 1554ರಲ್ಲಿ ಫೆರಾರಾದಲ್ಲಿ ಸೇರಿ, ಇನ್ನು ಮುಂದೆ ಮೂವರು ರಬ್ಬಿಗಳ ಮತ್ತು ಹತ್ತಿರದ ದೊಡ್ಡ ಸಮುದಾಯದ ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ಹೊಸ ಪುಸ್ತಕ ಅಚ್ಚಾಗಬಾರದು ಎಂದು ಕಟ್ಟಳೆ ಮಾಡಿದರು. ಹೊರಗಿನವರು ಕತ್ತರಿ ಹಾಕುವ ಮೊದಲು ನಾವೇ ಹಾಕಿಕೊಳ್ಳೋಣ ಎಂಬ ಲೆಕ್ಕ. ಹೀಗೆ ಒಂದೇ ಪತ್ರಕ್ಕೆ ಮೂರು ಕೆಲಸ ಗಂಟುಬಿದ್ದವು: ಲೇಖಕನ ಯೋಗ್ಯತೆಗೆ ಸಾಕ್ಷಿ, ಸೆನ್ಸಾರ್, ಮತ್ತು ಹತ್ತು ಹದಿನೈದು ವರ್ಷ ಮರುಮುದ್ರಣಕ್ಕೆ ತಡೆ. 1830ರ ದಶಕದಲ್ಲಿ ಸ್ಲಾವುಟಾ ಮತ್ತು ವಿಲ್ನಾದ ಮುದ್ರಣಾಲಯಗಳು ತಾಲ್ಮುದ್ ಅಚ್ಚು ಹಾಕುವ ಹಕ್ಕಿಗಾಗಿ ಕಾದಾಡಿದ್ದೂ ಇಂಥ ತಡೆಯ ಅವಧಿಯ ಮೇಲೆಯೇ.

ಇವತ್ತು ಕಾಯಿದೆಯ ಕೃತಿಸ್ವಾಮ್ಯ ಇದೆ, ಸೆನ್ಸಾರ್ ಇಲ್ಲ. ಉಳಿದಿರುವುದು ಸಾಕ್ಷಿಯ ಕೆಲಸ. ಹೊಸ ಪುಸ್ತಕ ಕೈಗೆತ್ತಿಕೊಂಡವರು ಈ ಪತ್ರಗಳಲ್ಲಿ ಮೂರು ಸಂಗತಿ ನೋಡಬೇಕು. ಮೊದಲು ತಾರೀಖು: ಲೇಖಕರ ಹಿಂದಿನ ಸಂಪುಟಕ್ಕೆ ಕೊಟ್ಟ ಪತ್ರವನ್ನೇ ಹೊಸದಕ್ಕೂ ಅಂಟಿಸುವುದು ಸಾಮಾನ್ಯ. ಆಮೇಲೆ, ಹೊಗಳಿಕೆ ಯಾರಿಗೆ? ‘ಇವರು ನನಗೆ ಬಹುಕಾಲದಿಂದ ಗೊತ್ತು, ದೊಡ್ಡ ವಿದ್ವಾಂಸರು’ ಎಂಬ ಸಾಲು ಪುಸ್ತಕದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕಡೆಯದಾಗಿ, ಆಚರಣೆಗೆ ಈ ಪುಸ್ತಕವನ್ನೇ ನೆಚ್ಚಬಹುದು ಎಂದಿದೆಯೋ, ‘ಪೂರ್ತಿ ಓದಲು ಬಿಡುವಾಗಲಿಲ್ಲ, ಅಲ್ಲಲ್ಲಿ ನೋಡಿದೆ’ ಎಂದಿದೆಯೋ. ಈ ಎರಡನೆಯ ಮಾತು ಆಶ್ಚರ್ಯವೆನಿಸುವಷ್ಟು ಕಡೆ ಸಿಗುತ್ತದೆ. ಪ್ರಾಮಾಣಿಕವಾದದ್ದೇ, ಆದರೆ ಅದನ್ನು ಓದದೆ ಪತ್ರದ ತಲೆಬರಹ ಮಾತ್ರ ನೋಡುವವರೇ ಹೆಚ್ಚು.

ದೊಡ್ಡ ಹೆಸರಿನ ಪತ್ರ ಇದ್ದ ಮಾತ್ರಕ್ಕೆ ಪುಸ್ತಕ ಸಾಚಾ ಎನ್ನುವಂತಿಲ್ಲ. 1793ರಲ್ಲಿ ಬರ್ಲಿನ್‌ನಲ್ಲಿ ಹೊರಬಂದ ‘ಬೆಸಾಮಿಮ್ ರೋಷ್’ ಇದಕ್ಕೆ ಪ್ರಸಿದ್ಧ ನಿದರ್ಶನ. ಮಧ್ಯಯುಗದ ಮಹಾಪಂಡಿತ ಆಶೆರ್ ಬೆನ್ ಯೆಹಿಯೆಲ್ ಅವರ ಅಪ್ರಕಟಿತ 392 ಉತ್ತರಗಳು ಎಂದು ಅದು ಹೇಳಿಕೊಂಡಿತು. ಪ್ರಾಗ್‌ನ ಯೆಹೆಜ್ಕೆಲ್ ಲಾಂಡೌ ಅವರ ಒಪ್ಪಿಗೆಯೂ ಇತ್ತು. ಪಾಸೋವರ್ ಹಬ್ಬದಲ್ಲಿ ಬೇಳೆಕಾಳು ತಿನ್ನಬಹುದೆಂಬಂಥ ಸಡಿಲ ತೀರ್ಪುಗಳನ್ನು ಕಂಡು ಓದುಗರಿಗೆ ಅನುಮಾನ ಬಂತು. ಅದನ್ನು ಹೊರತಂದ ಸೌಲ್ ಬರ್ಲಿನ್ ಸ್ವತಃ ರಬ್ಬಿಯಾಗಿದ್ದವರು, ಸುಧಾರಣೆಯ ಪರವಾದವರು. ಉತ್ತರಗಳಲ್ಲಿ ಹೆಚ್ಚಿನವನ್ನು ಅವರೇ ಬರೆದರೆಂಬುದು ವಿದ್ವಾಂಸರ ನಿಲುವು. ‘ಬೆಸಾಮಿಮ್’ ಎಂಬ ಪದದ ಅಕ್ಷರಬೆಲೆ ಕೂಡಿದರೆ ಸರಿಯಾಗಿ 392.

ಒಳಪುಟ: ಮಾತಿನ ಸುತ್ತ ಮಾತು

ಈ ಸಂಪ್ರದಾಯದ ಎಲ್ಲ ಪುಟವಿನ್ಯಾಸಕ್ಕೂ ಮೂಲಮಾದರಿ ತಾಲ್ಮುದ್‌ನ ಪುಟ. ಆಂಟ್‌ವರ್ಪ್‌ನಿಂದ ವೆನಿಸ್‌ಗೆ ಬಂದಿದ್ದ ಕ್ರೈಸ್ತ ಮುದ್ರಕ ಡೇನಿಯಲ್ ಬೊಂಬರ್ಗ್ 1520ರಿಂದ 1523ರೊಳಗೆ ಬ್ಯಾಬಿಲೋನಿಯದ ತಾಲ್ಮುದ್ಅನ್ನು ಮೊದಲ ಬಾರಿಗೆ ಪೂರ್ತಿಯಾಗಿ ಅಚ್ಚು ಹಾಕಿದ. ಯಾವ ಪದ ಯಾವ ಹಾಳೆಯಲ್ಲಿ ಬರುತ್ತದೆ ಎಂಬುದು ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ. ನಡುವೆ ಮೂಲಪಾಠ. ಬೆನ್ನುಹೊಲಿಗೆಯ ಕಡೆ ಫ್ರಾನ್ಸಿನ ತ್ರ್ವಾ ಊರಿನ ರಾಷಿ (1040–1105) ಅವರ ಭಾಷ್ಯ. ಹೊರಗಡೆ ಅವರ ಮೊಮ್ಮಕ್ಕಳು ಹಾಗೂ ಶಿಷ್ಯಪರಂಪರೆಯವರ ಆಕ್ಷೇಪ-ಸಮಾಧಾನಗಳು, ಅಂದರೆ ತೋಸಾಫೋತ್. 1880ರಿಂದ 1886ರವರೆಗೆ ವಿಲ್ನಾದಲ್ಲಿ ರೊಮ್ (Romm) ಎಂಬ ಮನೆತನದ ಮುದ್ರಣಾಲಯ ಹೊರತಂದ ಆವೃತ್ತಿ ಇದರ ಸುತ್ತ ಇನ್ನಷ್ಟು ಟಿಪ್ಪಣಿಗಳನ್ನು ಸೇರಿಸಿತು. ಇಂದು ಬಳಕೆಯಲ್ಲಿರುವುದು ಬಹುಪಾಲು ಅದರದೇ ಪಡಿಯಚ್ಚು.

ಉಲ್ಲೇಖ ಕೊಡುವ ಕ್ರಮ ಇಲ್ಲಿಂದಲೇ ಬಂತು. ಹಾಳೆಯ ಸಂಖ್ಯೆ ಬರೆದು, ಮುಂಬದಿಯಾದರೆ ಒಂದು ಚುಕ್ಕೆ, ಹಿಂಬದಿಯಾದರೆ ಎರಡು ಚುಕ್ಕೆ. ಬಹುತೇಕ ಪ್ರತಿ ಭಾಗವೂ ಎರಡನೇ ಹಾಳೆಯಿಂದ ಶುರು, ಏಕೆಂದರೆ ಮೊದಲನೆಯದು ಶೀರ್ಷಿಕೆ ಪುಟ. ದಿನಕ್ಕೊಂದು ಹಾಳೆ ಓದುವ ‘ದಫ್ ಯೋಮಿ’ ಪದ್ಧತಿಯನ್ನು ರಬ್ಬಿ ಮೆಯಿರ್ ಶಪಿರೊ 1923ರಲ್ಲಿ ಆರಂಭಿಸಿದರು: 2,711 ಹಾಳೆ, ಸುಮಾರು ಏಳೂವರೆ ವರ್ಷ. ಹದಿನಾಲ್ಕನೇ ಸುತ್ತು 2020ರ ಜನವರಿ 5ಕ್ಕೆ ಆರಂಭವಾಯಿತು. ಹೊಸ ಪುಸ್ತಕಗಳ ಮಾರುಕಟ್ಟೆಯೂ ಈ ಸುತ್ತಿನ ಜತೆ ಏಳುಬೀಳು ಕಾಣುತ್ತದೆ. ಯಾವ ಭಾಗದ ಓದು ಹತ್ತಿರ ಬರುತ್ತಿದೆಯೋ ಅದರ ಹೊಸ ವ್ಯಾಖ್ಯಾನಕ್ಕೆ ಗಿರಾಕಿ ಹೆಚ್ಚು.

ಈ ಪುಟವನ್ನು ಮುಟ್ಟುವುದು ಸುಲಭದ ಮಾತಲ್ಲ. ಆದಿನ್ ಸ್ಟೈನ್‌ಸಾಲ್ಟ್ಸ್ (1937–2020) 1965ರಿಂದ ಸ್ವರಚಿಹ್ನೆ, ವಿರಾಮಚಿಹ್ನೆ, ಆಧುನಿಕ ಹೀಬ್ರೂ ವಿವರಣೆಯೊಡನೆ ತಾಲ್ಮುದ್ ಹೊರತರಲು ಆರಂಭಿಸಿ 2010ರಲ್ಲಿ ಮುಗಿಸಿದರು. ಅವರ ಮೇಲಿನ ಟೀಕೆಗಳಲ್ಲಿ ಒಂದು, ಪುಟದ ಹಳೆಯ ಆಕಾರ ಕೆಡಿಸಿದರು ಎಂಬುದು. ಆಕಾರದ ಬಗ್ಗೆ ಇಷ್ಟು ಗಲಾಟೆ ಏಕೆ ಎನಿಸಬಹುದು. ಪುಟದ ಯಾವ ಮೂಲೆಯಲ್ಲಿ ಯಾವ ಮಾತಿದೆ ಎಂದೇ ನೆನಪಿಟ್ಟು ಕಲಿಯುವವರಿಗೆ ಆಕಾರ ಕೆಟ್ಟರೆ ನೆನಪೂ ಕೆಟ್ಟಂತೆ. ಮುಂದಿನವರು ಪಾಠ ಕಲಿತರು. ಆರ್ಟ್‌ಸ್ಕ್ರೋಲ್‌ನ 73 ಸಂಪುಟಗಳ ಇಂಗ್ಲಿಷ್ ತಾಲ್ಮುದ್ (1990–2005) ಪ್ರತಿ ಇಂಗ್ಲಿಷ್ ಪುಟದ ಎದುರಿಗೆ ವಿಲ್ನಾ ಪುಟವನ್ನೇ ಇಡುತ್ತದೆ, ಒಂದೇ ಹೀಬ್ರೂ ಪುಟ ಹಲವು ಸಲ ಬಂದರೂ ಸರಿ. ಸ್ಟೈನ್‌ಸಾಲ್ಟ್ಸ್ ಅವರದೇ ಇಂಗ್ಲಿಷ್ ಆವೃತ್ತಿಯನ್ನು ಕೊರೆನ್ ಪ್ರಕಾಶನ 2012ರಿಂದ ತಂದಾಗ ಬಲಗಡೆಯಿಂದ ತೆರೆದರೆ ವಿಲ್ನಾ ಪುಟ, ಎಡಗಡೆಯಿಂದ ತೆರೆದರೆ ಅನುವಾದ ಎಂದು ಹೊಂದಿಸಿದರು. ಅದೇ ಅನುವಾದ 2017ರಿಂದ ಸೆಫಾರಿಯಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತಿದೆ.

ಹೊಸ ಲೇಖಕ ಇಂಥ ಪುಟದಲ್ಲಿ ಜಾಗ ಹುಡುಕಿಕೊಳ್ಳುವುದು ಹೇಗೆ ಎಂಬುದಕ್ಕೆ ಕಗಾನ್ ಅವರ ‘ಮಿಶ್ನಾ ಬೆರೂರಾ’ಗಿಂತ ಸ್ಪಷ್ಟ ಉದಾಹರಣೆ ಇಲ್ಲ. ಮೇಲ್ಭಾಗದಲ್ಲಿ 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಯೋಸೆಫ್ ಕಾರೋ ಅವರ ಧರ್ಮಾಚರಣೆಯ ಸಂಹಿತೆ ‘ಶುಲ್ಹಾನ್ ಆರೂಖ್’, ಚೌಕಾಕಾರದ ಅಕ್ಷರದಲ್ಲಿ. ಅದೇ ಸಾಲುಗಳ ನಡುವೆ, ರಾಷಿ ಲಿಪಿಯ ಸಣ್ಣ ಅಕ್ಷರದಲ್ಲಿ, ಮೇಲೆ ಹೇಳಿದ ಇಸ್ಸೆರ್ಲೆಸ್ ಅವರ ತಿದ್ದುಪಡಿಗಳು: ಕಾರೋ ಸ್ಪೇನ್ ಮೂಲದ ಪದ್ಧತಿ ಹೇಳಿದ ಕಡೆ ಪೋಲೆಂಡ್-ಜರ್ಮನಿಯ ಪದ್ಧತಿ ಏನೆಂಬುದು. ಇವುಗಳ ಕೆಳಗೆ ಕಗಾನ್ ತಮ್ಮ ಮಾತನ್ನು ಮೂರು ಪಾಲು ಮಾಡಿ ಇಟ್ಟರು. ಆಚರಣೆಗೆ ಬೇಕಾದ ತಿರುಳು ಒಂದರಲ್ಲಿ, ಪಂಡಿತರಿಗೆ ಬೇಕಾದ ದೀರ್ಘ ಚರ್ಚೆ ಇನ್ನೊಂದರಲ್ಲಿ, ಆಕರಗಳ ಉಲ್ಲೇಖ ಮೂರನೆಯದರಲ್ಲಿ. ಆರು ಸಂಪುಟ, 1884ರಿಂದ 1907ರವರೆಗಿನ ಕೆಲಸ. ಅದೂ ಕಾರೋ ಗ್ರಂಥದ ನಾಲ್ಕು ಭಾಗಗಳಲ್ಲಿ ಮೊದಲನೆಯದಕ್ಕೆ ಮಾತ್ರ.

ತಪ್ಪುಗಳು ನುಸುಳುವ ಜಾಗಗಳು

ರಾಷಿ ಲಿಪಿ ರಾಷಿಯ ಕೈಬರಹವೇನಲ್ಲ. ಸ್ಪೇನಿನ ಯಹೂದಿಗಳ ಓಟದ ಬರವಣಿಗೆಯನ್ನು ಮುದ್ರಕರು ಭಾಷ್ಯಕ್ಕೆ ಬಳಸಿದರು, ಮೂಲದಿಂದ ಬೇರೆಯಾಗಿ ಕಾಣಲಿ ಎಂದು. ತಾರೀಖು ನಮೂದಾಗಿರುವ ಮೊದಲ ಹೀಬ್ರೂ ಮುದ್ರಿತ ಪುಸ್ತಕ, 1475ರಲ್ಲಿ ಇಟಲಿಯ ರೆಜ್ಜೋ ದಿ ಕಲಾಬ್ರಿಯಾದಲ್ಲಿ ಅಚ್ಚಾದದ್ದು, ರಾಷಿಯ ತೋರಾ (ಬೈಬಲ್ಲಿನ ಮೊದಲ ಐದು ಗ್ರಂಥಗಳು) ಭಾಷ್ಯವೇ; ಹೆಸರು ಹೀಗೆ ಅಂಟಿತು. ಈ ಲಿಪಿಯಲ್ಲಿ ಸಾಮೆಖ್ ಮತ್ತು ಪದದ ಕೊನೆಯಲ್ಲಿ ಬರುವ ಮೇಮ್ ಒಂದರಂತೆ ಒಂದು. ಚೌಕ ಲಿಪಿಯಲ್ಲಿ ದಾಲೆತ್–ರೇಶ್, ಹೇ–ಹೆತ್ ಜೋಡಿಗಳು ಮೋಸ ಮಾಡುತ್ತವೆ. ಹಳೆಯ ಮುದ್ರಣವನ್ನು ಯಂತ್ರಕ್ಕೆ ಓದಿಸಿ ಹೊಸ ಆವೃತ್ತಿ ಮಾಡುವವರು ಕರಡಚ್ಚಿನಲ್ಲಿ ಮೊದಲು ಹುಡುಕಬೇಕಾದದ್ದು ಈ ಅಕ್ಷರಗಳನ್ನೇ.

ಇನ್ನೊಂದು ಸಂಕ್ಷೇಪಗಳ ಕಾಟ. ಕಾಗದ ಉಳಿಸಲು ಪದಗಳ ಮೊದಲಕ್ಷರ ಮಾತ್ರ ಬರೆಯುವ ಅಭ್ಯಾಸ ಇತ್ತು. ರೇಶ್-ಯೋದ್ ಎಂದಿದ್ದರೆ ತೋಸಾಫೋತ್‌ನಲ್ಲಿ ಸಾಮಾನ್ಯವಾಗಿ ರಬ್ಬಿ ಯಿತ್ಸಹಾಕ್. ಬೇರೆ ಗ್ರಂಥದಲ್ಲಿ ರಬ್ಬಿ ಯೆಹೂದಾ ಆಗಬಹುದು. ಹೊಸ ಸಂಪಾದಕ ‘ಓದುಗರಿಗೆ ಅನುಕೂಲವಾಗಲಿ’ ಎಂದು ಎಲ್ಲವನ್ನೂ ಬಿಡಿಸಿ ಬರೆದಾಗ ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಬಿಡಿಸಿದ್ದು ಎಲ್ಲಿ ಎಂದು ಆವರಣದಲ್ಲಿ ಗುರುತು ಮಾಡದ ಆವೃತ್ತಿಯನ್ನು ನಂಬದಿರುವುದೇ ಕ್ಷೇಮ.

ಸೆನ್ಸಾರ್‌ನ ಗಾಯಗಳೂ ಉಳಿದಿವೆ. 1578–81ರ ಬಾಸೆಲ್ ತಾಲ್ಮುದ್‌ನಲ್ಲಿ ಪದಗಳನ್ನು ಬದಲಿಸಿದರು, ಭಾಗಗಳನ್ನು ತೆಗೆದರು. ಆ ಬದಲಾವಣೆಗಳಲ್ಲಿ ಕೆಲವು ಮುಂದಿನ ಮುದ್ರಣಗಳಿಗೂ ಹರಿದು ಬಂದವು. ಆದ್ದರಿಂದ ಹೊಸ ಆವೃತ್ತಿಯ ಮುನ್ನುಡಿಯಲ್ಲಿ ಯಾವ ಹಸ್ತಪ್ರತಿಗಳೊಡನೆ ಹೋಲಿಸಿದ್ದಾರೆ ಎಂಬ ವಿವರ ಇಲ್ಲದಿದ್ದರೆ, ಅದು ಹಳೆಯ ಪಠ್ಯಕ್ಕೆ ಹೊಸ ಅಕ್ಷರವಿನ್ಯಾಸ ಅಷ್ಟೆ.

ದುಡ್ಡು, ಮಾರಾಟ

ಸೆಫೆರ್ ಬರೆಯುವವರಲ್ಲಿ ಬಹಳ ಮಂದಿ ಸ್ವಂತ ಖರ್ಚಿನಿಂದಲೇ ಪ್ರಕಟಿಸುತ್ತಾರೆ. ತೀರಿಕೊಂಡ ತಂದೆ ತಾಯಿಯ ಸ್ಮರಣೆಗೆಂದು ದಾನಿಗಳು ಹಣ ಕೊಡುತ್ತಾರೆ, ಅವರ ಹೆಸರು ಆರಂಭದ ಪುಟಗಳಲ್ಲಿ ಬರುತ್ತದೆ. 18, 19ನೇ ಶತಮಾನದಲ್ಲಿ ಲೇಖಕರು ಊರೂರು ಸುತ್ತಿ ಮುಂಗಡ ಚಂದಾ ಎತ್ತಿ, ಚಂದಾದಾರರ ಪಟ್ಟಿಯನ್ನು ಊರಿನ ಹೆಸರಿನ ಸಮೇತ ಅಚ್ಚು ಹಾಕುತ್ತಿದ್ದರು. ಪೂರ್ವ ಯುರೋಪಿನ ಎಷ್ಟೋ ಸಮುದಾಯಗಳು ಅಳಿದುಹೋದ ಮೇಲೆ ವಂಶಾವಳಿ ಹುಡುಕುವವರಿಗೆ ಈ ಪಟ್ಟಿಗಳೇ ದಾಖಲೆ. ಕಗಾನ್ ಅವರೂ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮಾರಿದವರು. ಫಾರಂ ತಪ್ಪಿದ, ಮಸಿ ಕದಡಿದ ಪ್ರತಿ ಗಿರಾಕಿಗೆ ಹೋಗಬಾರದೆಂದು ಒಂದೊಂದನ್ನೂ ಪರೀಕ್ಷಿಸುತ್ತಿದ್ದರೆಂದು ಪ್ರಸಿದ್ಧಿ.

ಬರೆಯುವವರೆಲ್ಲ ಗಂಡಸರೇ ಎಂದುಕೊಳ್ಳಬೇಕಿಲ್ಲ. ಪ್ರಾಗ್‌ನ ರಿವ್ಕಾ ಬತ್ ಮೆಯಿರ್ ಅವರು ಯುರೋಪಿನ ಯಹೂದಿಗಳ ಆಡುಮಾತಾದ ಯಿದ್ದಿಷ್‌ನಲ್ಲಿ ಬರೆದ ನೀತಿಗ್ರಂಥ ‘ಮೆನೆಕೆತ್ ರಿವ್ಕಾ’ 1609ರಲ್ಲೇ, ಅವರು ತೀರಿಕೊಂಡ ಮೇಲೆ, ಅಚ್ಚಾಯಿತು. 20ನೇ ಶತಮಾನದಲ್ಲಿ ಜೆರುಸಲೆಮ್‌ನ ನೆಹಾಮಾ ಲೈಬೋವಿಟ್ಸ್ 1942ರಿಂದ ಮೂರು ದಶಕ ವಾರವಾರವೂ ತೋರಾದ ಪ್ರಶ್ನಾಪತ್ರಿಕೆಗಳನ್ನು ಅಂಚೆಯಲ್ಲಿ ಕಳಿಸಿ, ಬಂದ ಉತ್ತರಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸಿದರು. ಆ ಪತ್ರಿಕೆಗಳಿಂದಲೇ ಅವರ ಪುಸ್ತಕಗಳು ಮೈದಳೆದವು.

ಭಾರತದ ಯಹೂದಿಗಳೂ ಈ ಕಥೆಯೊಳಗಿದ್ದಾರೆ. ಪಾಸೋವರ್ ರಾತ್ರಿ ಓದುವ ಹಗ್ಗದಾ 1846ರಲ್ಲಿ ಮುಂಬಯಿಯಲ್ಲಿ ಮರಾಠಿ ಅನುವಾದದೊಡನೆ ಕಲ್ಲಚ್ಚಿನಲ್ಲಿ ಹೊರಬಂತು, ಮರಾಠಿ ಮಾತನಾಡುವ ಬೆನೆ ಇಸ್ರೇಲ್ ಸಮುದಾಯಕ್ಕಾಗಿ. ಅದೇ ಸಮುದಾಯದಿಂದ ಬಂದ ನಿಸ್ಸಿಮ್ ಎಜೆಕಿಯೆಲ್ ಮತ್ತು ಅಹಮದಾಬಾದಿನ ಎಸ್ತರ್ ಡೇವಿಡ್ ಇಬ್ಬರಿಗೂ ಇಂಗ್ಲಿಷ್ ಬರವಣಿಗೆಗಾಗಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿದೆ, 1983 ಮತ್ತು 2010ರಲ್ಲಿ.

ಕರಡಚ್ಚನ್ನು ಏನು ಮಾಡುವುದು

ದೇವರ ನಾಮ ಬರೆದ ಕಾಗದವನ್ನು ಕಸಕ್ಕೆ ಎಸೆಯುವಂತಿಲ್ಲ. ಸವೆದ ಗ್ರಂಥಗಳನ್ನು ಗೆನಿಜಾ ಎಂಬ ಕೋಣೆಯಲ್ಲಿ ಕೂಡಿಟ್ಟು ಮಣ್ಣು ಮಾಡಬೇಕು. ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾಮಂದಿರ) ಮಣ್ಣಿಗೆ ಹೋಗದೆ ಉಳಿದ ಇಂಥ ರಾಶಿಯಿಂದ ಸಾಲೊಮನ್ ಶೆಕ್ಟರ್ 1896–97ರಲ್ಲಿ ಕೇಂಬ್ರಿಜ್‌ಗೆ ಸಾಗಿಸಿದ ತುಣುಕುಗಳು ಸುಮಾರು 1,93,000. ಕೈರೋದ ಆ ಗೆನಿಜಾದಲ್ಲಿ ಮಂಗಳೂರಿನ ಕಾಗದಗಳೂ ಇದ್ದವು. ಟುನೀಸಿಯಾ ಮೂಲದ ವ್ಯಾಪಾರಿ ಅಬ್ರಹಾಮ್ ಬೆನ್ ಯಿಜು 1132ರಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಮಂಗಳೂರಿನಲ್ಲಿ ಬರೆಸಿದ ಪತ್ರ ಅವುಗಳಲ್ಲೊಂದು. ಆತನಿಗೆ ಬರೆಯುವ ಕಾಗದವನ್ನು ಏಡನ್‌ನ ಗೆಳೆಯರು ಹಡಗಿನಲ್ಲಿ ಕಳಿಸುತ್ತಿದ್ದರು.

ಇಂದಿನ ಮುದ್ರಕರಿಗೆ ಈ ನಿಯಮ ದಿನನಿತ್ಯದ ತಲೆನೋವು. ಕರಡಚ್ಚಿನ ಹಾಳೆ, ಹಾಳಾದ ಫಾರಂ, ಬೈಂಡಿಂಗ್‌ನ ಚೂರು, ಎಲ್ಲಕ್ಕೂ ಅದೇ ಗೌರವ ಸಲ್ಲಬೇಕೇ ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ಚರ್ಚೆಯ ಗ್ರಂಥಗಳಲ್ಲಿ ನಾಮವನ್ನು ಪೂರ್ತಿ ಬರೆಯದೆ ಹೇ ಅಕ್ಷರವೊಂದನ್ನೇ ಇಡುತ್ತಾರೆ. ಎಲೋಹಿಮ್ ಎನ್ನುವಲ್ಲಿ ಒಂದಕ್ಷರ ಬದಲಿಸಿ ಎಲೋಕಿಮ್ ಎಂದು ಜೋಡಿಸುತ್ತಾರೆ. ಪ್ರಾರ್ಥನಾ ಪುಸ್ತಕ ಮತ್ತು ಬೈಬಲ್‌ಗೆ ಈ ರಿಯಾಯಿತಿ ಇಲ್ಲ, ಅಲ್ಲಿ ನಾಮ ಪೂರ್ತಿ ಇರಲೇಬೇಕು. ಕಂಪ್ಯೂಟರ್ ಪರದೆಯ ಮೇಲೆ ಮೂಡಿದ ಅಕ್ಷರವನ್ನು ಅಳಿಸಿದರೆ ದೋಷವಿಲ್ಲ ಎಂಬುದು ಹೆಚ್ಚಿನ ಪಂಡಿತರ ಮತ. ಹಾಗಾಗಿ ತಿದ್ದುವ ಸುತ್ತುಗಳನ್ನು ಆದಷ್ಟೂ ಪರದೆಯಲ್ಲೇ ಮುಗಿಸಿ, ಕೊನೆಯ ಸುತ್ತನ್ನು ಮಾತ್ರ ಕಾಗದಕ್ಕೆ ಇಳಿಸಿದರೆ ಮಣ್ಣು ಮಾಡಬೇಕಾದ ಪೆಟ್ಟಿಗೆಗಳ ಸಂಖ್ಯೆ ಕಡಿಮೆಯಾಗುತ್ತದೆ.